ಒಂದು ನ್ಯೂಟ್ರಲ್‌ಗೆ ಒಂದೇ ಗಂಟು

ರೇಡಿಯೊ ಕೇಂದ್ರದಿಂದ ಫೋನ್ ಬಂದಾಗ ಸೊಸೆ ಮೊದಲು ನೋಡಿದ್ದು ಗೋಡೆಯನ್ನು. ಅವಳ ಮೊಳೆಯಲ್ಲಿ ಕೆಂಪು ತಂತಿಯ ತುಂಡು ನೇತಾಡುತ್ತಲೇ ಇತ್ತು. ಅಂದರೆ ಅವಳು ಅದನ್ನು ಕೇಂದ್ರದಲ್ಲಿ ಬಿಚ್ಚಿ ತರಲು ಮರೆತಿರಲಿಲ್ಲ.

"ಸದ್ದು ಅಂದ್ರೆ ಎಂಥ ಸದ್ದು ಮೇಡಂ?"

"ಗುಂಯ್ ಅಂತಿದೆ. ದುಂಬಿ ಡಬ್ಬಿಯೊಳಗೆ ಸಿಕ್ಕಿಹಾಕ್ಕೊಂಡ ಹಾಗೆ. ಶುಕ್ರವಾರ ನೀವು ಇದ್ದಾಗ ಇರ್ಲಿಲ್ಲ. ಇವತ್ತು ಅಭ್ಯಾಸಕ್ಕೆ ಕೂತ್ರೆ ಎಲ್ಲ ಮೈಕಲ್ಲೂ ಅದೇ. ನಾಳೆ ಬೆಳಿಗ್ಗೆ ಮೊದಲ ಪ್ರಸಾರ ಕಣಮ್ಮ, ಊರಿಗೆಲ್ಲ ಹೇಳಿಬಿಟ್ಟಿದ್ದೀವಿ."

"ಈಗ್ಲೇ ಹೊರಟೆ."

ಆ ಗೋಡೆಯ ವಿಷಯ ಹೇಳಬೇಕು. ಈ ಮನೆಯವರು ಯುಪಿಎಸ್ ಕೂರಿಸುವವರು. ಕರೆಂಟು ಹೋದಾಗ ರೆಪ್ಪೆ ಮಿಟುಕುವಷ್ಟೂ ಬಿಡುವಿಲ್ಲದೆ ಬ್ಯಾಟರಿಯಿಂದ ಯಂತ್ರಗಳನ್ನು ನಡೆಸುವ ಪೆಟ್ಟಿಗೆ ಅದು. ಅದರಿಂದ ಹೊರಡುವ ತಂತಿಗಳನ್ನು ಕೋಣೆಕೋಣೆಗೆ ಹಂಚುವ ಪ್ಯಾನೆಲ್ಲನ್ನು ತಮ್ಮ ಕಾರ್ಯಾಗಾರದಲ್ಲೇ ಕಟ್ಟುತ್ತಾರೆ, ಅಲ್ಲೇ ಬ್ಯಾಟರಿಯ ಮೇಲೆ ನಡೆಸಿ ಪರೀಕ್ಷಿಸುತ್ತಾರೆ. ಕರೆಂಟು ಫೇಸ್ ಎಂಬ ತಂತಿಯಲ್ಲಿ ಹೋಗುತ್ತದೆ, ನ್ಯೂಟ್ರಲ್ ಎಂಬ ಇನ್ನೊಂದರಲ್ಲಿ ವಾಪಸು ಬರುತ್ತದೆ. ಮೂರನೆಯದು ಅರ್ತ್. ಅದು ದುಡಿಯುವುದಿಲ್ಲ, ಕಾವಲು ಕಾಯುತ್ತದೆ. ಎಲ್ಲಾದರೂ ಕರೆಂಟು ದಾರಿ ತಪ್ಪಿ ಲೋಹದ ಮೈಗೆ ಹರಿದರೆ ಅದನ್ನು ಹೊತ್ತೊಯ್ದು ಸ್ವಿಚ್ಚು ಬೀಳಿಸುವುದಷ್ಟೇ ಅದರ ಕೆಲಸ. ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದು ಕಡೆ, ಕಟ್ಟಡದ ಮುಖ್ಯ ಬೋರ್ಡಿನಲ್ಲಿ, ಸೇರಿಸಿ ಕಟ್ಟಿರುತ್ತಾರೆ. ಕಾರ್ಯಾಗಾರದ ಮೇಜಿನ ಮೇಲೆ ಆ ಗಂಟು ಇರುವುದಿಲ್ಲವಾದ್ದರಿಂದ, ಪರೀಕ್ಷೆಯ ಹೊತ್ತಿಗೆ ಪ್ಯಾನೆಲ್ಲಿನಲ್ಲೇ ಒಂದು ತಾತ್ಕಾಲಿಕ ತುಂಡು ಹಾಕಿ ಎರಡನ್ನೂ ಸೇರಿಸುತ್ತಾರೆ. ಯಾರ ಕಣ್ಣಿಗೂ ತಪ್ಪದಿರಲಿ ಎಂದು ಅದಕ್ಕೆ ಕೆಂಪು ತೊಗಟೆ.

ಪ್ಯಾನೆಲ್ ಕೂರಿಸುವ ಜಾಗದಲ್ಲಿ ಆ ತುಂಡನ್ನು ತೆಗೆಯಲೇಬೇಕು. ತೆಗೆದವರು ಅದನ್ನು ಜೇಬಿನಲ್ಲಿಟ್ಟು ತಂದು ಕಾರ್ಯಾಗಾರದ ಗೋಡೆಯ ಮೊಳೆಗೆ ನೇತುಹಾಕಬೇಕು. ಮೊಳೆಯ ಕೆಳಗೆ ಆ ಕೆಲಸದ ಹೆಸರು. ಮೊಳೆ ಖಾಲಿ ಇದ್ದರೆ, ಎಲ್ಲೋ ಒಂದು ಕಟ್ಟಡದಲ್ಲಿ ಎರಡು ಗಂಟುಗಳಿವೆ ಎಂದರ್ಥ. ವರ್ಷಗಟ್ಟಲೆ ಮಾಡಿದ ಕೆಲಸಗಳ ಕೆಂಪು ತುಂಡುಗಳು ಮೂಲೆಯಿಂದ ಕಿಟಕಿಯವರೆಗೆ ಸಾಲಾಗಿ ನೇತಾಡುತ್ತವೆ. ಮೊದಲ ಬಾರಿ ನೋಡಿದವರು ಒಣಮೆಣಸಿನಕಾಯಿ ಎಂದುಕೊಳ್ಳುವುದುಂಟು.

ಈ ಪದ್ಧತಿ ತಂದವರು ಮಾವ. ತಂತಿ ಮಾರುವ ಅಂಗಡಿಗಳಲ್ಲಿ ಅವರಿಗೆ 'ಒಂದೇಗಂಟು' ಎಂದೇ ಹೆಸರು. "ಒಂದೇಗಂಟು ಬಂದ್ರು, ಕುರ್ಚಿ ಹಾಕ್ರೋ" ಎಂದು ಅವರೆದುರೇ ಹೇಳುತ್ತಾರೆ. ಅವರಿಗೂ ಅದು ಬಿರುದಿನ ಹಾಗೆ. ಯಾರು ಸಿಕ್ಕಿದರೂ ಸರಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಾದರೂ ಸರಿ, "ಒಂದು ನ್ಯೂಟ್ರಲ್‌ಗೆ ಒಂದೇ ಗಂಟು, ತಿಳ್ಕೊಳ್ಳಿ" ಎಂದು ಶುರುಮಾಡುತ್ತಾರೆ. ಎರಡು ಕಡೆ ಕಟ್ಟಿದರೆ ವಾಪಸು ಬರುವ ಕರೆಂಟಿಗೆ ಎರಡು ದಾರಿಯಾಗಿ, ಅರ್ಧ ಹೊರೆ ಕಾವಲುಗಾರನ ತಲೆಗೆ ಬೀಳುತ್ತದೆ ಎನ್ನುವುದು ಅವರ ವಿವರಣೆ. ಕೇಳಿದವರು ತಮ್ಮ ನಿಲ್ದಾಣ ಬರುವ ಮುಂಚೆಯೇ ಇಳಿದುಹೋಗುತ್ತಾರೆ ಎನ್ನುವುದು ಅತ್ತೆಯ ವರದಿ.

ಅವರ ಮಗನಿಗೆ ತಂತಿಯೆಂದರೆ ಅಲರ್ಜಿ. ಅವನು ಬಸ್ಸಿನ ಸ್ಟಿಯರಿಂಗ್ ಹಿಡಿದ. ಈ ಕೆಲಸಕ್ಕೆ ಕೈ ಹಾಕಿದ್ದು ಸೊಸೆ. ಡಿಪ್ಲೊಮಾ ಓದಿ ಲಿಫ್ಟ್ ಕಂಪನಿಯಲ್ಲಿದ್ದವಳು, ಮದುವೆಯಾದ ಮೇಲೆ ಒಂದು ದಿನ ಸುಮ್ಮನೆ ಕಾರ್ಯಾಗಾರಕ್ಕೆ ಟೀ ತಂದುಕೊಟ್ಟು, ಮೇಜಿನ ಮೇಲಿದ್ದ ಪ್ಯಾನೆಲ್ ನೋಡಿ, "ಮಾವ, ಈ ಸ್ಕ್ರೂ ಸಡಿಲ ಇದೆ" ಎಂದಳು. ಮಾವ ತಿರುಗಿಸಿ ನೋಡಿದರು. ಸಡಿಲವೇ ಇತ್ತು. ಆಮೇಲೆ ಟೀ ತರುವ ಕೆಲಸ ಮಾವನ ಪಾಲಿಗೆ ಬಂತು.

ರೇಡಿಯೊ ಕೇಂದ್ರದ್ದು ಮಾತ್ರ ಅವಳು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ವಹಿಸಿಕೊಂಡ ಕೆಲಸ. ಕೇಳಿಯೇ ಪಡೆದಿದ್ದಳು. "ಇದು ನನ್ನದಾಗಿರಲಿ ಮಾವ. ಲೆಕ್ಕಾಚಾರ, ತಂತಿ, ಪರೀಕ್ಷೆ, ತಪ್ಪಾದ್ರೆ ಬೈಸ್ಕೊಳ್ಳೋದು, ಎಲ್ಲ." ಮಾವ ಸ್ವಲ್ಪ ಹೊತ್ತು ಮೂಗು ಉಜ್ಜಿಕೊಂಡು, "ಆಯ್ತು. ನಾನು ಆ ಬಾಗಿಲು ದಾಟಲ್ಲ" ಎಂದು ಮಾತು ಕೊಟ್ಟಿದ್ದರು. ಅದು ಸರಿಬಂದರೆ ಮುಂದಿನ ಕೆಲಸಗಳನ್ನು ಅವಳೇ ನೋಡಿಕೊಳ್ಳುವುದೆಂದೂ ತಾವು ಕಾರ್ಯಾಗಾರ ನೋಡಿಕೊಳ್ಳುವುದೆಂದೂ ಮಾತಾಗಿತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ: ತನ್ನ ಕೆಲಸದ ಮೇಲೆ ಮಾವ ಎರಡನೆಯ ಸಲ ಕಣ್ಣಾಡಿಸದೆ ಇರುವುದು.

ಈಗ ಗುಂಯ್.

ಅವಳು ಉಪಕರಣಗಳ ಚೀಲ ಹೆಗಲಿಗೇರಿಸುವುದನ್ನು ನೋಡಿ ಮಾವ ಕನ್ನಡಕ ಮೇಲೆತ್ತಿದರು.

"ಏನಂತೆ?"

"ಮೈಕಲ್ಲಿ ಗುಂಯ್ ಅಂತಿದೆಯಂತೆ."

"ಅವರ ಮೈಕುಗಳದ್ದೇ ಏನೋ ಇರ್ಬೇಕು. ಪ್ಯಾನೆಲ್‌ದಂತೂ ಅಲ್ಲ. ಪ್ಯಾನೆಲ್‌ಗೆ ನಾನು ಗ್ಯಾರಂಟಿ."

ಎಂದೂ ಯಾರ ಕೆಲಸಕ್ಕೂ ಅವರು ಗ್ಯಾರಂಟಿ ನಿಂತವರಲ್ಲ. ದಾರಿಯುದ್ದಕ್ಕೂ ಅವಳ ಸ್ಕೂಟರು ನೆಲ ಮುಟ್ಟದೆ ಓಡಿತು.

ಕೇಂದ್ರ ಇದ್ದದ್ದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ವಾರ್ನಿಶ್ ವಾಸನೆ. ಮೂರು ಕೋಣೆ: ಮಾತಾಡುವುದಕ್ಕೊಂದು, ಸದ್ದು ಸರಿಮಾಡುವುದಕ್ಕೊಂದು, ಕುರ್ಚಿ ಮೇಜುಗಳಿಗೊಂದು. ಇವಲ್ಲದೆ ಕೈತೊಳೆಯುವ ಜಾಗದ ಪಕ್ಕದ ಗೂಡಿನಂಥ ಕೋಣೆಯಲ್ಲಿ ಯುಪಿಎಸ್, ಅದರ ಮೇಲೆ ಗೋಡೆಯಲ್ಲಿ ಅವಳ ಪ್ಯಾನೆಲ್. ಸದ್ದಿನ ಮೇಜಿಗೆ ಕೂರುವ ಗಡ್ಡದ ಮನುಷ್ಯನನ್ನು ಎಲ್ಲರೂ 'ಕಿವಿ' ಎನ್ನುತ್ತಿದ್ದರು. ಅವನು ಅವಳನ್ನು ಕಂಡೊಡನೆ ಹೆಡ್‌ಫೋನ್ ಕಳಚಿ ಅವಳ ತಲೆಗೇರಿಸಿದ.

"ಕೇಳಿ. ನಮ್ಮ ಕೇಂದ್ರದ ಮೊದಲ ಗಾಯಕ."

ಮಂದ್ರದಲ್ಲಿ, ಉಸಿರು ಬಿಡದೆ, ಒಂದೇ ಸ್ವರ.

"ಎಷ್ಟೊತ್ತಿಂದ ಇದೆ?"

"ಬೆಳಿಗ್ಗೆಯಿಂದ ಹಾಡ್ತಿದ್ದಾನೆ, ನೀರು ಕೂಡ ಕೇಳಿಲ್ಲ."

"ಕಂಪ್ಯೂಟರುಗಳನ್ನ ಒಂದೊಂದಾಗಿ ಆರಿಸಿ ಅಣ್ಣ."

ಒಂದು ಆರಿತು. ಸ್ವರ ತೆಳುವಾಯಿತು. ಇನ್ನೊಂದು ಆರಿತು. ಇನ್ನಷ್ಟು ತೆಳು. ಹಚ್ಚಿದರೆ ಮತ್ತೆ ದಪ್ಪ. ಮೈಕಿನದಾಗಿದ್ದರೆ ಕಂಪ್ಯೂಟರಿನ ಲೆಕ್ಕ ಅದಕ್ಕೆ ಇರುತ್ತಿರಲಿಲ್ಲ. ಯಂತ್ರಗಳು ಉಂಡು ವಾಪಸು ಕಳಿಸುವ ಕರೆಂಟು ಹೋಗಬಾರದ ದಾರಿಯಲ್ಲಿ ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಗೂಡಿನ ಕೋಣೆಗೆ ಹೋಗಿ ತಂತಿಯನ್ನು ಕಚ್ಚಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನ ದವಡೆ ತೆರೆದು, ಪ್ಯಾನೆಲ್ಲಿನಿಂದ ಕೆಳಗಿಳಿಯುವ ಹಸಿರು ಅರ್ತ್ ತಂತಿಯ ಸುತ್ತ ಮುಚ್ಚಿದಳು. ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ ತೋರಿಸಬೇಕಿತ್ತು, ಅಂಕಿ ಏರಿತ್ತು. ನ್ಯೂಟ್ರಲ್ಲಿಗೆ ಸಿಕ್ಕಿಸಿ ನೋಡಿದಳು. ಹಂಚಿಕೆ ಹೆಚ್ಚುಕಡಿಮೆ ಅರ್ಧರ್ಧ.

ಕಾವಲುಗಾರ ಹೊರೆ ಹೊರುತ್ತಿದ್ದ. ಎಲ್ಲೋ ಎರಡನೆಯ ಗಂಟಿದೆ.

"ಇಲ್ಲಿ ಯಾರಾದ್ರೂ ಸಾಕೆಟ್ ಬಿಚ್ಚಿದ್ರಾ?"

"ಬಿಚ್ಚೋಕೆ ನಮಗೆ ಸ್ಕ್ರೂ ಡ್ರೈವರ್ ಯಾವ ಕಡೆ ಹಿಡೀಬೇಕು ಅಂತ್ಲೇ ಗೊತ್ತಿಲ್ಲ," ಎಂದ ಕಿವಿ.

ಅವಳು ಕರೆಂಟು ತೆಗೆಸಿ ಒಂದೊಂದೇ ಸಾಕೆಟ್ ಬಿಚ್ಚಿದಳು. ಕೇಂದ್ರದ ಮೇಡಂ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಎತ್ತರದ ಹೆಂಗಸು, ಬಾಗಿಲಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಸಾಕೆಟ್ಟುಗಳಲ್ಲಿ ಏನೂ ಇರಲಿಲ್ಲ. ಉಳಿದದ್ದು ಪ್ಯಾನೆಲ್ಲು. ಅವಳೇ ಕಟ್ಟಿದ್ದು, ಅವಳೇ ಮುಚ್ಚಿದ್ದು, ಮಾವ ಗ್ಯಾರಂಟಿ ನಿಂತದ್ದು.

ಮುಚ್ಚಳ ತೆಗೆದಳು. ಎಡಕ್ಕೆ ನ್ಯೂಟ್ರಲ್ಲಿನ ತಾಮ್ರದ ಪಟ್ಟಿ, ಬಲಕ್ಕೆ ಅರ್ತಿನದು, ನಡುವೆ ಖಾಲಿ. ಕೆಂಪು ತುಂಡು ಇದ್ದ ಎರಡು ತೂತುಗಳೂ ಖಾಲಿ. ಟಾರ್ಚು ಹಿಡಿದು ಪಟ್ಟಿಗಳ ಹಿಂಬದಿ ನೋಡಿದಳು. ಅಲ್ಲಿ, ಉಳಿದ ತಂತಿಗಳ ಕಟ್ಟಿನ ಅಡಿಯಲ್ಲಿ ಅವುಗಳದೇ ಬಾಗಿಗೆ ತಕ್ಕಂತೆ ಬಾಗಿ, ಒಂದು ದಪ್ಪ ಹಸಿರು ತಂತಿ ನ್ಯೂಟ್ರಲ್ಲಿನ ಪಟ್ಟಿಯಿಂದ ಅರ್ತಿನ ಪಟ್ಟಿಗೆ ಹೋಗಿತ್ತು. ತುದಿಗಳಿಗೆ ಒತ್ತಿ ಕೂರಿಸಿದ, ಲಗ್ಗು ಎಂಬ ತಾಮ್ರದ ಬಳೆ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಮೂರು ಕಡೆ ಅದನ್ನು ಕಟ್ಟಿಗೆ ಬಿಗಿದಿತ್ತು, ಮೇಣ ತಿಕ್ಕಿದ ದಾರದಲ್ಲಿ.

ಈ ಕಾಲದಲ್ಲಿ ತಂತಿ ಕಟ್ಟಲು ಪ್ಲಾಸ್ಟಿಕ್ ಪಟ್ಟಿ ಬಿಟ್ಟು ಬೇರೇನನ್ನೂ ಯಾರೂ ಬಳಸುವುದಿಲ್ಲ. ಅವಳೂ ಅದನ್ನೇ ಬಳಸಿದ್ದಳು. ಪ್ಲಾಸ್ಟಿಕ್ಕು ಬಿಸಿಗೆ ಒಣಗಿ ಪಟಕ್ಕೆನ್ನುತ್ತದೆಂದು ಇನ್ನೂ ದಾರ ಹೊಸೆಯುವ ಒಬ್ಬನೇ ಮನುಷ್ಯ ಅವಳಿಗೆ ಗೊತ್ತಿತ್ತು. ಆ ದಾರಕ್ಕೆ ಮೇಣದಬತ್ತಿ ತಿಕ್ಕಿಕೊಡುವವರು ಅತ್ತೆ. ಹೋದ ವಾರ ಅಡುಗೆಮನೆಯ ಬಾಗಿಲ ಚಿಲಕಕ್ಕೆ ದಾರ ಸಿಕ್ಕಿಸಿ ಎಳೆಯುತ್ತಾ, "ಸೀರಿಯಲ್ ನೋಡೋ ಹೊತ್ತಿಗೇ ಇವ್ರಿಗೆ ದಾರ ಬೇಕು" ಎಂದು ಗೊಣಗಿದ್ದನ್ನು ಅವಳೇ ಕೇಳಿದ್ದಳು.

ಅವಳು ಟಾರ್ಚು ಆರಿಸಿದಳು. ಬಾಗಿಲು ದಾಟುವುದಿಲ್ಲ ಎಂದವರು ದಾಟಿ ಬಂದಿದ್ದರು. 'ಗ್ಯಾರಂಟಿ' ಎಂದದ್ದು ಅವಳ ಕೆಲಸಕ್ಕಲ್ಲ, ತಮ್ಮ ಗಂಟಿಗೆ. ಅಳುವುದಕ್ಕೆ ಈ ಗೂಡಿನಲ್ಲಿ ಜಾಗವೂ ಇರಲಿಲ್ಲ.

ದಾರ ಕತ್ತರಿಸಿ ತಂತಿಯನ್ನು ಬಿಚ್ಚಿದಳು. ಮುಚ್ಚಳ ಹಾಕಿ ಕರೆಂಟು ಕೊಟ್ಟಳು. ಅರ್ತಿನ ಮೇಲೆ ಮೀಟರು ಸುಮ್ಮನಾಯಿತು. ಆಚೆ ಕೋಣೆಯಿಂದ ಕಿವಿಯ ದನಿ ಕೇಳಿಸಿತು:

"ಹೋದ! ಗಾಯಕ ಊರು ಬಿಟ್ಟ!"

ಮೇಡಂ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಬಂದು ಅವಳ ಕೈಯಲ್ಲಿದ್ದ ತಂತಿ ನೋಡಿದರು.

"ಇದೇನಾ?"

"ಇದೇ. ಒಂದು ಗಂಟು ಜಾಸ್ತಿ ಇತ್ತು."

"ಯಾರು ಹಾಕಿದ್ದು?"

"ನಮ್ಮ ಅಂಗಡಿಯವರೇ ಮೇಡಂ. ತಪ್ಪು ನಮ್ಮದು. ನಾಳೆ ಪ್ರಸಾರ ಶುರುವಾಗೋ ಹೊತ್ತಿಗೆ ನಾನು ಇಲ್ಲೇ ಇರ್ತೀನಿ."

"ಇರಲೇಬೇಕು," ಎಂದರು ಮೇಡಂ. "ಕುರ್ಚಿ ಹಾಕಿಸಿರ್ತೀನಿ."

ಅವಳು ವಾಪಸು ಬಂದಾಗ ಮಾವ ಮೇಜಿನ ಮುಂದಿದ್ದರು, ಅತ್ತೆ ಊಟದ ಡಬ್ಬಿ ತಂದು ಬಿಚ್ಚುತ್ತಿದ್ದರು. ಅವಳು ಹಸಿರು ತಂತಿಯನ್ನೂ ಕತ್ತರಿಸಿದ ಮೂರು ದಾರದ ಎಳೆಗಳನ್ನೂ ಮಾವನ ತಟ್ಟೆಯ ಪಕ್ಕ ಇಟ್ಟಳು.

ಮಾವ ನೋಡಿದರು. ಅತ್ತೆಯೂ ನೋಡಿದರು. ಮೊದಲು ಅರ್ಥವಾದದ್ದು ಅತ್ತೆಗೆ.

"ಅಯ್ಯೋ, ನಾನು ತಿಕ್ಕಿದ ದಾರ! ಶನಿವಾರ ವಾಕಿಂಗ್ ಅಂತ ಹೋದ್ರಲ್ಲ, ವಾಕಿಂಗ್‌ಗೆ ಯಾಕ್ರೀ ಚೀಲ ಅಂದ್ರೆ ಹಣ್ಣು ತರ್ತೀನಿ ಅಂದ್ರಿ. ಇದಾ ಹಣ್ಣು?"

"ನೀನು ಸುಮ್ನಿರು," ಎಂದು ಮಾವ ತಂತಿಯನ್ನು ಎತ್ತಿಕೊಂಡರು. "ಇದನ್ನ ಯಾಕಮ್ಮ ಬಿಚ್ಚಿದೆ?"

"ಇದೇ ಗುಂಯ್ ಅಂತಿದ್ದದ್ದು ಮಾವ."

"ಆಗಲ್ಲ. ಇದು ಇರ್ಬೇಕು. ನೀನು ಹಾಕೋದು ಮರೆತಿದ್ದೆ."

"ಮರೆತಿರ್ಲಿಲ್ಲ. ಬೇಡ ಅಂತ್ಲೇ ಬಿಟ್ಟಿದ್ದೆ."

"ಅಲ್ಲಮ್ಮ, ಯುಪಿಎಸ್ಸೊಳಗೆ ಟ್ರಾನ್ಸ್‌ಫಾರ್ಮರ್ ಇದ್ಮೇಲೆ ಒಳಗೆ ಬಂದ ತಂತಿಗೂ ಆಚೆ ಹೋಗೋ ತಂತಿಗೂ ಸಂಬಂಧ ಕಡಿದು, ಆಚೆ ಬರೋದು ಹೊಸ ನ್ಯೂಟ್ರಲ್ಲು. ಕಟ್ಟಡದ ಗಂಟು ಅದಕ್ಕೆ ಲೆಕ್ಕಕ್ಕಿಲ್ಲ. ಹೊಸದಕ್ಕೆ ಹೊಸ ಗಂಟು ಹಾಕ್ಲೇಬೇಕು. ಟ್ರಾನ್ಸ್‌ಫಾರ್ಮರ್ ಇದ್ದ ಕಡೆಯೆಲ್ಲ ಕೆಂಪು ತೆಗೆದು ಶಾಶ್ವತ ಗಂಟು, ಜೀವಮಾನವಿಡೀ ಇದನ್ನೇ ಮಾಡ್ಕೊಂಡು ಬಂದಿದ್ದೀನಿ. ಶನಿವಾರ ಕೇಂದ್ರದಲ್ಲಿ ಯಾರೂ ಇರ್ಲಿಲ್ಲ, ಕೆಳಗಿನ ಅಂಗಡಿಯವರ ಹತ್ರ ಕೀ ಇಸ್ಕೊಂಡು ಪ್ಯಾನೆಲ್ ತೆಗೆದು ನೋಡಿದ್ರೆ ಗಂಟೇ ಇಲ್ಲ. ನನ್ನ ಎದೆ ಝಲ್ಲಂತು. ನಾಳೆ ಯಾರಾದ್ರೂ ಪರೀಕ್ಷೆಗೆ ಬಂದು ಕಂಡ್ರೆ ನಿನ್ನ ಹೆಸರು ಹೋಗುತ್ತಲ್ಲ ಅಂತ ಹಾಕ್ಬಂದೆ."

"ನನಗೊಂದು ಫೋನ್ ಮಾಡಿ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ನಿನ್ನ ಕೆಲಸದಲ್ಲಿ ಕೈ ಹಾಕಿದ ಹಾಗೆ ಆಗ್ತಿತ್ತು."

ಅತ್ತೆ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟರು. "ಕೇಳಿದ್ರೆ ಕೈ ಹಾಕಿದ ಹಾಗಂತೆ. ಕೈ ಹಾಕಿದ್ರೆ ಮಾತ್ರ ಏನೂ ಇಲ್ವಂತೆ! ಇಷ್ಟು ವರ್ಷ ಇವ್ರ ಜೊತೆ ಹೇಗೆ ಬಾಳಿದೆ ಅಂತ ಯಾರಾದ್ರೂ ನನ್ನನ್ನೂ ಒಂದು ಸಲ ರೇಡಿಯೊಗೆ ಕರೀಬೇಕು."

ಸೊಸೆ ನಗಲಿಲ್ಲ. ಮೂಲೆಯಲ್ಲಿ ಅಂಥದೇ ಇನ್ನೊಂದು ಯುಪಿಎಸ್ ನಿಂತಿತ್ತು, ಮುಂದಿನ ಕೆಲಸಕ್ಕೆ ತರಿಸಿದ್ದು. ಅವಳು ಅದರ ಪಕ್ಕದ ತಗಡು ಬಿಚ್ಚತೊಡಗಿದಳು.

"ಪೆಟ್ಟಿಗೆ ನೋಡಿ ಹೇಳಿದ್ರಾ ಮಾವ, ಒಳಗೆ ನೋಡಿ ಹೇಳಿದ್ರಾ?"

"ಪೆಟ್ಟಿಗೆ ಅದೇ ಅಲ್ವಾ? ಅದೇ ಕಂಪನಿ, ಅದೇ ಎತ್ತರ. ತಳ್ಳಿ ನೋಡಿದೆ, ಅದೇ ಭಾರ."

ತಗಡು ಕಳಚಿ ಬಂತು. ತಳದಲ್ಲಿ, ಮೊದಲೆಲ್ಲ ಟ್ರಾನ್ಸ್‌ಫಾರ್ಮರ್ ಕೂರುತ್ತಿದ್ದ ಕಡೆ, ಬ್ಯಾಟರಿಗಳು ಒತ್ತೊತ್ತಾಗಿ ಕೂತಿದ್ದವು. ಭಾರ ಅವುಗಳದ್ದು. ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಟಾರ್ಚು ಬೇಡಿದರು. ಪೆಟ್ಟಿಗೆಯ ಹಿಂಬದಿಗೂ ಹೋಗಿ ನೋಡಿ ಬಂದರು, ಟ್ರಾನ್ಸ್‌ಫಾರ್ಮರ್ ನಾಚಿಕೊಂಡು ಅಲ್ಲೆಲ್ಲೋ ನಿಂತಿರಬಹುದು ಎನ್ನುವ ಹಾಗೆ.

ಸೊಸೆ ಮೀಟರನ್ನು ಅವರ ಕೈಗೇ ಕೊಟ್ಟಳು. "ಒಂದು ಮೊನೆ ಒಳಗೆ ಬರೋ ನ್ಯೂಟ್ರಲ್‌ಗೆ ಇಡಿ. ಇನ್ನೊಂದು ಆಚೆ ಹೋಗೋ ನ್ಯೂಟ್ರಲ್‌ಗೆ."

ಮಾವ ಇಟ್ಟರು. ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಮೀಟರು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದು ಕುಯ್ಯೆಂದಿತು. ಮೊನೆ ತೆಗೆದು ಮತ್ತೆ ಇಟ್ಟರು. ಮತ್ತೆ ಕುಯ್ಯೆಂದಿತು. ಒಳಗೆ ಬಂದ ನ್ಯೂಟ್ರಲ್ಲೇ ನೇರವಾಗಿ ಆಚೆ ಹೋಗುತ್ತಿತ್ತು. ಹೊಸದೇನೂ ಹುಟ್ಟುತ್ತಿರಲಿಲ್ಲ.

"ಒಂದೇ," ಎಂದರು ಮಾವ, ನಿಧಾನವಾಗಿ.

"ಒಂದೇ. ಅದಕ್ಕೆ ಕೆಳಗಡೆ ಮುಖ್ಯ ಬೋರ್ಡಿನಲ್ಲಿ ಆಗ್ಲೇ ಗಂಟಿದೆ."

ಮಾವ ಅಷ್ಟಕ್ಕೆ ಬಿಡುವವರಲ್ಲ. "ಸರಿ. ಯುಪಿಎಸ್ಸಿನ ಒಳಬದಿ ಸ್ವಿಚ್ಚು ಆರಿಸ್ತಾರೆ ಅಂದ್ಕೋ. ಆಗ ನ್ಯೂಟ್ರಲ್ಲೂ ಕಡಿದುಹೋದ್ರೆ? ಆಚೆ ಕಡೆ ಗಂಟೇ ಇಲ್ದೆ ತೇಲುತ್ತಲ್ಲ?"

"ಅದಕ್ಕೇ ಫೇಸ್ ಮಾತ್ರ ಕಡಿಯೋ ಸ್ವಿಚ್ಚು ಹಾಕಿದ್ದೀನಿ. ನ್ಯೂಟ್ರಲ್ಲು ಪಟ್ಟಿಯಿಂದ ಪಟ್ಟಿಗೆ ನೇರ. ಕಡಿಯೋ ದಾರಿನೇ ಇಲ್ಲ."

ಮಾವ ಮೂಗು ಉಜ್ಜಿಕೊಂಡರು. ಅತ್ತೆ ಚಮಚ ಜೋಡಿಸಿದರು.

"ನಾನು ಯೋಚನೆ ಮಾಡಿದ್ದನ್ನೆಲ್ಲ ನೀನು ಮೊದ್ಲೇ ಮಾಡಿದ್ದೀಯ," ಎಂದರು ಕೊನೆಗೆ.

"ಮಾಡಿದ್ದೆ ಮಾವ. ನಾನು ಮಾಡಿರ್ತೀನಿ ಅಂತ ನೀವು ನಂಬಬೇಕಿತ್ತು ಅಷ್ಟೆ. ಬಾಗಿಲು ದಾಟಲ್ಲ ಅಂದಿದ್ರಿ."

"ಅಂದಿದ್ದೆ." ಅವರು ಹಸಿರು ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ದಾಟಿದೆ. ಎರಡೂ ನಂದೇ ತಪ್ಪು."

ಅತ್ತೆ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ತಮ್ಮ ಜೀವಮಾನದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲೆಂದು ಆಮೇಲೆ ಅವರು ಅಕ್ಕಪಕ್ಕದವರಿಗೆಲ್ಲ ಹೇಳಿದರು.

ಮಾವ ಎದ್ದು ಡ್ರಾಯರಿನಿಂದ ಕೆಂಪು ತೊಗಟೆಯ ತುಂಡೊಂದನ್ನು ಹುಡುಕಿ, ಹಸಿರು ತಂತಿಯ ಮೇಲೆ ತೊಡಿಸಿದರು. ಸ್ಟೂಲು ಎಳೆದುಕೊಂಡು ಗೋಡೆಯ ಬಳಿ ಹೋದರು. ರೇಡಿಯೊ ಕೇಂದ್ರದ ಮೊಳೆಯಲ್ಲಿ ಸೊಸೆ ತಂದಿದ್ದ ತುಂಡು ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ತಮ್ಮದನ್ನು ನೇತುಹಾಕಿದರು.

"ಏನ್ರೀ ಅದು? ಒಂದು ಕೆಲಸಕ್ಕೆ ಎರಡು ಮೊಳೆ?"

"ಬಿಚ್ಚಿ ತಂದಿದ್ದು ಅವಳು. ಗೋಡೆಗೆ ಬರ್ಬೇಕಾದ್ದೇ," ಎಂದು ಮಾವ ಸ್ಟೂಲಿನಿಂದ ಇಳಿದರು. ಆಮೇಲೆ ಕೂತು ಊಟಮಾಡಿದರು, ಎಂದಿಗಿಂತ ಹೆಚ್ಚೇ.

ಮಾರನೆಯ ಬೆಳಿಗ್ಗೆ ಸೊಸೆ ಸದ್ದಿನ ಕೋಣೆಯಲ್ಲಿ, ಮೇಡಂ ಹಾಕಿಸಿದ ಕುರ್ಚಿಯಲ್ಲಿ ಕೂತಿದ್ದಳು. ಕಾರ್ಯಾಗಾರದಲ್ಲಿ ಮಾವ ರೇಡಿಯೊದ ದನಿ ಪೂರ್ತಿ ಏರಿಸಿ, ತಮ್ಮ ಕಿವಿಯನ್ನು ಸ್ಪೀಕರಿಗೆ ಅಂಟಿಸಿಕೊಂಡಿದ್ದರು. ಮಾತು ಶುರುವಾಗುವ ಮೊದಲು ಒಂದು ಕ್ಷಣದ ಮೌನ ಬರುತ್ತದಲ್ಲ, ಅದನ್ನು ಕೇಳಲು. ಅಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ಗಾಜಿನ ಹಾಗೆ ಇತ್ತು. ಆಮೇಲೆ ಮೇಡಂ ಏನೇನೋ ಹೇಳಿದರು, ಹಾಡು ಬಂತು. ಮಾವ ಅದಾವುದನ್ನೂ ಕೇಳಲಿಲ್ಲ. ತಾಮ್ರದ ಪಟ್ಟಿ ಕೊಳ್ಳಲು ಬಂದು ನಿಂತಿದ್ದ ಗಿರಾಕಿಯ ಕಡೆ ತಿರುಗಿದರು.

"ಕೇಳಿದ್ರಾ?"

"ಏನು ಸ್ವಾಮಿ? ಹಾಡಾ?"

"ಹಾಡಿಗೆ ಮುಂಚೆ!"

"ಹಾಡಿಗೆ ಮುಂಚೆ ಏನೂ ಇರ್ಲಿಲ್ವಲ್ಲ."

"ಹಾಂ! ಅದೇ ನಮ್ಮ ಸೊಸೆಯ ಕೆಲಸ!"

ಅಂದಿನಿಂದ ಗೋಡೆ ನೋಡಿದವರಿಗೆಲ್ಲ ಒಂದು ವ್ಯಾಖ್ಯಾನ ಗ್ಯಾರಂಟಿ. ಉಳಿದ ತುಂಡುಗಳ ಬಗ್ಗೆ ಮಾವ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಒಳಗೆ ಹಸಿರು, ಮೇಲೆ ಕೆಂಪು ಇರುವ ಆ ಒಂದರ ಮುಂದೆ ನಿಂತು, "ಇದು ನಾನು ಹಾಕಿದ ತಪ್ಪು ಗಂಟು. ಹಿಡಿದದ್ದು ಯಾರು ಕೇಳಿ" ಎನ್ನುತ್ತಾರೆ. ಕೇಳದಿದ್ದವರಿಗೂ ಹೇಳುತ್ತಾರೆ. ತಮ್ಮ ತಪ್ಪನ್ನು ಇಷ್ಟು ಜಂಬದಿಂದ ತೋರಿಸುವ ಮನುಷ್ಯನನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದು ತಂತಿ ಅಂಗಡಿಯವನು ಹೇಳುತ್ತಾನೆ. ಬಸ್ಸಿನಲ್ಲೂ ಈಗ ಪಾಠ ಬದಲಾಗಿದೆ. "ಮೊದಲು ಪೆಟ್ಟಿಗೆ ಬಿಚ್ಚಿ ನೋಡ್ಬೇಕು" ಎಂದು ಶುರುವಾಗುತ್ತದೆ.

ಮುಂದಿನ ಕೆಲಸ ಒಂದು ಕಣ್ಣಿನ ಆಸ್ಪತ್ರೆಯದು. ಪ್ಯಾನೆಲ್ ಸಾಗಿಸುವ ಗಾಡಿಯಲ್ಲಿ ಮಾವನೂ ಬಂದರು, ಬರೀ ಎತ್ತಿಳಿಸಲು ಎಂದು ಹೇಳಿಕೊಂಡು. ಸೊಸೆ ಒಳಗೆ ತಂತಿ ಸೇರಿಸುತ್ತಿರುವಾಗ ಕೋಣೆಯ ಹೊರಗೆ ಅವರ ಚಪ್ಪಲಿಯ ಸದ್ದು ಬಂತು, ಹೊಸ್ತಿಲ ಬಳಿ ನಿಂತಿತು.

"ಮಗಳೇ, ಒಳಗೆ ಬರ್ಲಾ?"

"ಯಾಕೆ ಮಾವ?"

"ನೋಡೋಕೆ. ಮುಟ್ಟಲ್ಲ."

ಅವಳು ಸ್ಕ್ರೂ ಬಿಗಿಮಾಡಿ ಮುಗಿಸಿದಳು. ಕೆಂಪು ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

"ಚೀಲ ಹೊರಗಿಟ್ಟು ಬನ್ನಿ," ಎಂದಳು.